ಅಂಗಡಿಯಲ್ಲಿ ನಿಂತವರು

ನಮ್ಮ ತಂದೆಯವರು ಮೂವತ್ತು ವರ್ಷಕ್ಕೂ ಮಿಕ್ಕಿ ದಾವಣಗೆರೆಯ ಒಂದು ಜವಳಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಕೊನೆಕೊನೆಗೆ ಅವರ ಬೆನ್ನು ಬಾಗಿತ್ತು, ಕಣ್ಣು ಮಂಜಾಗಿತ್ತು. ಕಾಲು ಮಾತ್ರ ಗಟ್ಟಿಯಾಗಿತ್ತು. ಕಾರಣ ಇಷ್ಟೆ, ಅವರು ಕೂತು ದುಡಿದವರು. ಆ ಕಾಲದ ಜವಳಿ ಅಂಗಡಿಯನ್ನು ಕಂಡವರಿಗೆ ನಾನು ಹೇಳುವುದು ಗೊತ್ತಾಗುತ್ತದೆ. ಅಂಗಡಿಯ ಉದ್ದಕ್ಕೂ ಗಾದಿ, ಗಾದಿಯ ಮೇಲೆ ಬಿಳಿಯ ಹಾಸು, ಒಂದು ಮೂಲೆಯಲ್ಲಿ ಸಾಹುಕಾರರ ಗಲ್ಲಾಪೆಟ್ಟಿಗೆ, ಪಕ್ಕದಲ್ಲಿ ಒರಗು ದಿಂಬು. ಗಿರಾಕಿಗಳು ಚಪ್ಪಲಿ ಹೊರಗೆ ಬಿಟ್ಟು ಬಂದು ಗಾದಿಯ ಅಂಚಿಗೆ ಕೂರುತ್ತಿದ್ದರು. ಅಪ್ಪನೂ ಅವರ ಎದುರು ಕಾಲು ಮಡಿಸಿ ಕೂರುತ್ತಿದ್ದರು. ಸೀರೆಗಳು ಇಬ್ಬರ ನಡುವೆ ನದಿಯ ಹಾಗೆ ಹರಡಿಕೊಳ್ಳುತ್ತಿದ್ದವು. ಮದುವೆ ಜವಳಿ ಎಂದರೆ ಅರ್ಧ ದಿನದ ಕೆಲಸ. ನಡುವೆ ಚಹಾ ಬರುತ್ತಿತ್ತು. ಚೌಕಾಸಿ ನಡೆಯುತ್ತಿತ್ತು, ಜಗಳವೂ ಆಗುತ್ತಿತ್ತು. ಆದರೆ ಕೊಳ್ಳುವವರ ಕಣ್ಣು ಮತ್ತು ಮಾರುವವರ ಕಣ್ಣು ಒಂದೇ ಎತ್ತರದಲ್ಲಿರುತ್ತಿದ್ದವು.

ಹೀಗೆಂದ ಮಾತ್ರಕ್ಕೆ ಹಿಂದಿನದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಒಂದು ದೀಪಾವಳಿಯ ಲೆಕ್ಕದಲ್ಲಿ ನೂರಿಪ್ಪತ್ತು ರೂಪಾಯಿ ತಾಳೆಯಾಗದೆ ಹೋದಾಗ ಸಾಹುಕಾರರು ಖಾತೆಪುಸ್ತಕವನ್ನೇ ಎತ್ತಿ ಅಪ್ಪನ ಮುಖಕ್ಕೆ ಎಸೆದರಂತೆ. ಮರುದಿನ ಆ ಹಣ ಗಲ್ಲಾಪೆಟ್ಟಿಗೆಯ ಹಾಸಿನ ಕೆಳಗೆ ಸಿಕ್ಕಿತಂತೆ. ಅಪ್ಪ ನಮಗೆ ಇದನ್ನು ಯಾವತ್ತೂ ಹೇಳಲಿಲ್ಲ. ಅವರು ತೀರಿಕೊಂಡ ಮೇಲೆ ಅಮ್ಮ ಹೇಳಿದರು. 'ನೀವು ಯಾಕೆ ತಿರುಗಿ ಒಂದು ಮಾತು ಅನ್ನಲಿಲ್ಲ' ಎಂದು ಅಮ್ಮ ಕೇಳಿದ್ದಕ್ಕೆ ಅಪ್ಪ, 'ಬಡವನ ಕೋಪ ದವಡೆಗೆ ಮೂಲ ಕಣೆ' ಎಂದಿದ್ದರಂತೆ. ನಾನು ಮೂವತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದೇನೆ. ಗಾದೆಯನ್ನು ಕರಿಹಲಗೆಯ ಮೇಲೆ ಬರೆದು ವಿವರಿಸಿ ಎಂದರೆ ಮಕ್ಕಳು ಚೆನ್ನಾಗಿಯೇ ವಿವರಿಸುತ್ತಾರೆ. ಆ ಗಾದೆ ನಮ್ಮ ಮನೆಯಲ್ಲೇ ಊಟ ಮಾಡಿಕೊಂಡಿತ್ತು ಎಂಬುದು ನನಗೇ ಗೊತ್ತಿರಲಿಲ್ಲ.

ಇಷ್ಟೆಲ್ಲ ನೆನಪಾಗುವುದಕ್ಕೆ ಒಂದು ಕಾರಣವಿದೆ. ಅದು ನನಗೆ ಹೆಮ್ಮೆಯ ಸಂಗತಿಯಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ತಂಗಿಯ ಮಗಳ ಮದುವೆಗೆ ಜವಳಿ ತೆಗೆಯಲು ಹೋಗಿದ್ದೆವು. ಮೂರು ಅಂತಸ್ತಿನ ಅಂಗಡಿ. ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ನಮಗೆ ಕೂರಲು ಮೆತ್ತನೆಯ ಸ್ಟೂಲು, ಕುಡಿಯಲು ತಂಪು ಪಾನೀಯ. ಗೋಡೆಯ ಮೇಲೆ 'ಗ್ರಾಹಕರೇ ದೇವರು' ಎಂಬ ಫಲಕ. ದೇವರುಗಳು ಎಂದರೆ ನಾವು, ನಮ್ಮ ಬೀಗರು, ಒಟ್ಟು ಹನ್ನೊಂದು ಮಂದಿ. ಕೌಂಟರಿನ ಆಚೆ ಒಂದೇ ಬಣ್ಣದ ಸೀರೆಯುಟ್ಟ ಹುಡುಗಿಯೊಬ್ಬಳು ಒಂದಾದ ಮೇಲೊಂದು ಸೀರೆ ಬಿಚ್ಚಿ ತೋರಿಸುತ್ತಿದ್ದಳು. ಐವತ್ತೋ ಅರವತ್ತೋ ಸೀರೆ ಆಗಿರಬೇಕು. ನಮಗೆ ಯಾವುದೂ ಒಪ್ಪಿಗೆಯಾಗಲಿಲ್ಲ. ಸಂಜೆ ಏಳು ಗಂಟೆಯ ಹೊತ್ತಿಗೆ ಆ ಹುಡುಗಿ ಒಂದು ಗಳಿಗೆ ಹಿಂದಿನ ಕಪಾಟಿಗೆ ಒರಗಿ ಕಣ್ಣು ಮುಚ್ಚಿದಳು. ನಾನು, 'ಏನಮ್ಮಾ, ನಿಂತಲ್ಲೇ ನಿದ್ದೆ ಮಾಡ್ತೀಯಾ? ತೋರಿಸೋಕೆ ಇಷ್ಟ ಇಲ್ಲದಿದ್ರೆ ಹೇಳಿಬಿಡು, ಬೇರೆ ಅಂಗಡಿ ಇದೆ' ಎಂದೆ. ತರಗತಿಯಲ್ಲಿ ಮಾತಾಡಿ ಅಭ್ಯಾಸವಾದ ಗಂಟಲು. ಇಡೀ ಅಂತಸ್ತಿಗೆ ಕೇಳಿಸಿತು. ಸೂಪರ್‌ವೈಸರ್ ಓಡಿ ಬಂದ. ನನ್ನ ಮಾತಿನಿಂದ ಧೈರ್ಯ ಬಂದಿತೋ ಏನೋ, ಬೀಗರ ಕಡೆಯ ಹೆಂಗಸೊಬ್ಬರು ಕೈಯಲ್ಲಿದ್ದ ಸೀರೆಯನ್ನು ಉಂಡೆ ಮಾಡಿ ಆ ಹುಡುಗಿಯ ಮುಖದ ಮೇಲೆ ಎಸೆದರು. ಹುಡುಗಿ ಸೀರೆಯನ್ನು ಹಿಡಿದುಕೊಂಡಳು, ಮಡಿಸಿದಳು, ನಕ್ಕಳು. ಆ ನಗು ನನಗೆ ಇವತ್ತಿಗೂ ನಿದ್ದೆಗೆಡಿಸುತ್ತದೆ.

ಬಿಲ್ಲು ಮಾಡಿಸುವಾಗ ಅವಳೇ ಗಂಟು ಹಿಡಿದುಕೊಂಡು ನಮ್ಮ ಜೊತೆ ಕೆಳಗೆ ಬಂದಳು. ಮೆಟ್ಟಿಲ ತಿರುವಿನಲ್ಲಿ, 'ಟೀಚರ್, ನಾನು ನಿಮ್ಮ ಸ್ಟೂಡೆಂಟು. ಎಂಟನೇ ಬಿ ಸೆಕ್ಷನ್. ನೀವು ಸಮಾಜ ಮಾಡ್ತಿದ್ರಿ' ಎಂದಳು. ನನ್ನ ಬಾಯಿ ಕಟ್ಟಿತು. 'ಬೆಳಿಗ್ಗೆ ಒಂಬತ್ತೂವರೆಗೆ ಬಂದವಳು ಟೀಚರ್. ಕೂತರೆ ಕ್ಯಾಮೆರಾದಲ್ಲಿ ಕಾಣುತ್ತೆ, ಸಂಬಳದಲ್ಲಿ ಹಿಡೀತಾರೆ. ಗಿರಾಕಿ ಕಂಪ್ಲೇಂಟ್ ಮಾಡಿದ್ರೂ ಹಿಡೀತಾರೆ. ನೀರು ಜಾಸ್ತಿ ಕುಡಿಯಲ್ಲ, ಟಾಯ್ಲೆಟ್ ಒಂದೇ ಇರೋದು, ಕೆಳಗಡೆ' ಎಂದಳು. ದೂರು ಹೇಳುವ ಧ್ವನಿಯಲ್ಲ, ಮನೆ ವಿಳಾಸ ಹೇಳುವ ಧ್ವನಿ. ಅವಳ ಪಾದಗಳನ್ನು ಆಗ ನೋಡಿದೆ. ಚಪ್ಪಲಿಯ ಪಟ್ಟಿ ಊದಿದ ಚರ್ಮದೊಳಗೆ ಹೂತುಹೋಗಿತ್ತು. ಅವಳಿಗೆ ಇಪ್ಪತ್ತೆರಡು ವರ್ಷ. ಎಪ್ಪತ್ತೆಂಟರಲ್ಲಿ ನಮ್ಮಪ್ಪನ ಕಾಲು ಹಾಗಿರಲಿಲ್ಲ.

ಅಂದಿನಿಂದ ನನ್ನನ್ನು ಒಂದು ಪ್ರಶ್ನೆ ಕಾಡಿತು. ಗಾದಿಯ ಮೇಲೆ ಕೂತಿದ್ದ ಅಂಗಡಿಯವರು ಎದ್ದು ನಿಂತದ್ದು ಯಾವಾಗ? ಇತಿಹಾಸ ಓದಿದವಳಲ್ಲವೇ, ಹುಡುಕುತ್ತಾ ಹೋದೆ.

ಕೌಂಟರ್ ಎಂಬ ಮಾತೇ ಹೇಳುವಂತೆ ಈ ಪದ್ಧತಿ ನಮ್ಮದಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ದೊಡ್ಡ ದೊಡ್ಡ ಜವಳಿ ಮಳಿಗೆಗಳು ಎದ್ದಾಗ ಸಾವಿರಾರು ಹುಡುಗ ಹುಡುಗಿಯರು ಕೌಂಟರಿನ ಹಿಂದೆ ನಿಂತರು. ಗಿರಾಕಿಗೆ ಕುರ್ಚಿ, ಮಾರುವವರಿಗೆ ನೆಲ. ಅನೇಕರು ಮಾಲೀಕರು ಕೊಟ್ಟ ಕೋಣೆಗಳಲ್ಲೇ ವಾಸಿಸಬೇಕಿತ್ತು. ಊಟವೂ ಅಲ್ಲೇ. ಸಣ್ಣಪುಟ್ಟ ತಪ್ಪಿಗೆಲ್ಲ ದಂಡ. 1886ರ ಕಾಯ್ದೆಯೊಂದು ಹದಿನೆಂಟು ವರ್ಷದೊಳಗಿನವರ ಕೆಲಸವನ್ನು ವಾರಕ್ಕೆ 74 ಗಂಟೆಗೆ ಮಿತಿಗೊಳಿಸಿತು. 74 ಗಂಟೆಯೇ ಸುಧಾರಣೆ ಎಂದಮೇಲೆ ಅದಕ್ಕೂ ಮೊದಲಿನ ಸ್ಥಿತಿಯನ್ನು ಊಹಿಸಿಕೊಳ್ಳಬಹುದು.

ಆ ಕೌಂಟರಿನ ಹಿಂದೆ ನಿಂತವರಲ್ಲಿ ಮಾರ್ಗರೆಟ್ ಬಾಂಡ್‌ಫೀಲ್ಡ್ ಎಂಬ ಹುಡುಗಿಯೊಬ್ಬಳು. 1873ರಲ್ಲಿ ಹುಟ್ಟಿದವಳು, ಹದಿನಾಲ್ಕನೇ ವಯಸ್ಸಿಗೆ ಜವಳಿ ಅಂಗಡಿಯ ಕೆಲಸಕ್ಕೆ ಸೇರಿದಳು. ಮುಂದೆ ಲಂಡನ್ನಿಗೆ ಬಂದು ಅಂಗಡಿ ನೌಕರರ ಸಂಘ ಸೇರಿದಳು. ಜೊತೆಯ ಹುಡುಗಿಯರೆಲ್ಲ ಮಲಗಿದ ಮೇಲೆ ಮೋಂಬತ್ತಿ ಹಚ್ಚಿ, ಬೆಳಕು ಯಾರಿಗೂ ಕಾಣದಂತೆ ಕುರ್ಚಿಯ ಬೆನ್ನಿಗೆ ಟವೆಲು ಇಳಿಬಿಟ್ಟು, ಅಂಗಡಿಯವರ ಪಾಡನ್ನು ಸಂಘದ ಪತ್ರಿಕೆಗೆ ಬರೆಯುತ್ತಿದ್ದಳು. ಸ್ವಂತ ಹೆಸರು ಹಾಕಿದರೆ ಕೆಲಸ ಹೋಗುತ್ತಿತ್ತು. ಹಾಗಾಗಿ ಗ್ರೇಸ್ ಡೇರ್ ಎಂಬ ಹೆಸರು ಇಟ್ಟುಕೊಂಡಿದ್ದಳು. 1899ರಲ್ಲಿ ಅಲ್ಲಿನ ಪಾರ್ಲಿಮೆಂಟು ಅಂಗಡಿಯ ಹೆಣ್ಣುಮಕ್ಕಳಿಗೆ ಆಸನ ಕೊಡಬೇಕೆಂಬ ಕಾಯ್ದೆಯನ್ನೇ ಮಾಡಿತು. ಮೂವರಿಗೆ ಒಂದು ಆಸನ! ಓದಿದಾಗ ನನಗೆ ನಗು ಬಂತು, ಆಮೇಲೆ ನಾಚಿಕೆಯಾಯಿತು. ನಾನು ಜವಳಿ ತೆಗೆದ ಅಂಗಡಿಯ ಆ ಅಂತಸ್ತಿನಲ್ಲಿ ಇಪ್ಪತ್ತು ಹುಡುಗಿಯರಿಗೆ ಒಂದೂ ಇರಲಿಲ್ಲ. ಮೋಂಬತ್ತಿ ಬೆಳಕಿನಲ್ಲಿ ಬರೆದ ಆ ಹುಡುಗಿ 1929ರಲ್ಲಿ ಬ್ರಿಟನ್ನಿನ ಮಂತ್ರಿಮಂಡಲದಲ್ಲಿ ಕೂತ ಮೊದಲ ಹೆಂಗಸಾದಳು. ಕೂತ ಎಂಬ ಮಾತನ್ನು ನಾನು ಬೇಕೆಂದೇ ಬಳಸಿದ್ದೇನೆ.

ನಮ್ಮ ದೇಶದ ಕತೆ ಏನು? ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಕಾರ್ಖಾನೆಗಳ ಕಾಯ್ದೆ ಬಂತು. ನಿಂತು ಕೆಲಸ ಮಾಡುವ ಕಾರ್ಮಿಕರಿಗೆ ಬಿಡುವಿನಲ್ಲಿ ಕೂರಲು ಅನುಕೂಲ ಮಾಡಿಕೊಡಬೇಕೆಂದು ಅದರಲ್ಲೇ ಬರೆದಿತ್ತು. ಗಿರಣಿಯವರಿಗೆ ಸಿಕ್ಕಿದ್ದು ಅಂಗಡಿಯವರಿಗೆ ಸಿಗಲಿಲ್ಲ. ಅಂಗಡಿಗಳ ವಿಷಯ ಆಯಾ ರಾಜ್ಯದ್ದಾಯಿತು. ನಮ್ಮಲ್ಲಿ 1961ರಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಆಯಿತು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, 5 ಗಂಟೆಗೊಮ್ಮೆ ಒಂದು ಗಂಟೆಯ ವಿರಾಮ, ವಾರಕ್ಕೊಂದು ರಜೆ ಎಂದು ಅದು ವಿಧಿಸಿತು. ಸೋಮವಾರವೋ ಮಂಗಳವಾರವೋ ಊರಿನ ಪೇಟೆ ಬಾಗಿಲು ಹಾಕಿದ್ದನ್ನು ಕಂಡು ನಾವು ಗೊಣಗುತ್ತಿದ್ದೆವಲ್ಲ, ಆ ಬಾಗಿಲಿನ ಹಿಂದೆ ಈ ವಾರದ ರಜೆಯಿತ್ತು. ಅಪ್ಪನಿಗೆ ನಮ್ಮ ಜೊತೆ ಕೂತು ಊಟ ಮಾಡಲು ಸಿಕ್ಕ ಒಂದೇ ದಿನ ಅದು. ಕೂರುವ ಮಾತನ್ನು ಆ ಕಾಯ್ದೆ ಆಗ ಎತ್ತಿದಂತಿಲ್ಲ. ಎತ್ತುವ ಅಗತ್ಯವೂ ಕಂಡಿರಲಿಕ್ಕಿಲ್ಲ, ಯಾಕೆಂದರೆ ನಮ್ಮಪ್ಪನಂಥವರು ಆಗಿನ್ನೂ ಗಾದಿಯ ಮೇಲಿದ್ದರು. ಗಾದಿ ಹೋಗಿ ಗಾಜಿನ ಕೌಂಟರು ಬಂದಾಗ, ಗಂಡಸರ ಜಾಗಕ್ಕೆ ಕಡಿಮೆ ಸಂಬಳದ ಹುಡುಗಿಯರು ಬಂದಾಗ, ಯಾರಿಗೂ ಕಾಯ್ದೆ ತಿರುವಿ ನೋಡಬೇಕೆನ್ನಿಸಲಿಲ್ಲ.

ಅನ್ನಿಸಿದ್ದು ನೆರೆಯ ಕೇರಳದ ಕೋಳಿಕ್ಕೋಡಿನ ಹೆಂಗಸರಿಗೆ. ಅಲ್ಲಿ ಮಿಠಾಯಿ ತೆರುವು ಎಂಬ ಹಳೆಯ ಪೇಟೆ ಬೀದಿ ಇದೆ. ಹೆಸರೇನೋ ಸಿಹಿ. ಅಲ್ಲಿನ ಅಂಗಡಿಗಳಲ್ಲಿ ದುಡಿಯುವ ಹೆಂಗಸರಿಗೆ ಬಚ್ಚಲಿಗೆ ಹೋಗಲು ಜಾಗವಿರಲಿಲ್ಲ. ಇಡೀ ದಿನ ನೀರು ಕುಡಿಯದೆ ಇದ್ದು ಕಾಯಿಲೆ ತರಿಸಿಕೊಳ್ಳುತ್ತಿದ್ದರು. ಹೊಲಿಗೆ ಕೆಲಸ ಮಾಡುತ್ತಿದ್ದ ಪಿ. ವಿಜಿ ಎಂಬಾಕೆ ಇಂಥವರನ್ನು ಒಟ್ಟುಗೂಡಿಸಿ 'ಪೆಣ್‌ಕೂಟ್ಟ್' ಎಂಬ ಸಂಘ ಕಟ್ಟಿದರು. ಪೆಣ್ ಎಂದರೆ ನಮ್ಮ ಹಳಗನ್ನಡದ ಪೆಣ್ಣೇ, ಕೂಟ್ಟ್ ನಮ್ಮ ಕೂಟವೇ. ಮೊದಲು ಬಚ್ಚಲಿಗಾಗಿ ಹೋರಾಡಿದರು, ಆಮೇಲೆ ಕುರ್ಚಿಗಾಗಿ. 2014ರ ಕೊನೆಗೆ ತ್ರಿಶ್ಶೂರಿನ ದೊಡ್ಡ ಸೀರೆ ಅಂಗಡಿಯೊಂದರ ಆರು ಮಂದಿ ಹೆಂಗಸರು ಅಂಗಡಿಯ ಮುಂದೆ ಮುಷ್ಕರ ಹೂಡಿದರು. ನೂರಕ್ಕೂ ಹೆಚ್ಚು ದಿನ ಬಿಡಲಿಲ್ಲ. ಅದಕ್ಕೆ 'ಇರಿಕ್ಕಲ್ ಸಮರಂ' ಎಂದು ಹೆಸರಾಯಿತು. ಮಲೆಯಾಳದಲ್ಲಿ ಇರಿಕ್ಕುಕ ಎಂದರೆ ಕೂರುವುದು. ನಮ್ಮ ಭಾಷೆಯಲ್ಲಿ ಇರುವುದು ಎಂದರೆ ಬದುಕಿರುವುದು. ಇಬ್ಬರ ಅರ್ಥವೂ ಅಲ್ಲಿಗೆ ಸರಿಹೊಂದುತ್ತದೆ.

2018ರಲ್ಲಿ ಕೇರಳ ಸರಕಾರ ತನ್ನ ಅಂಗಡಿ ಕಾಯ್ದೆಯನ್ನು ತಿದ್ದಿ, ಕೆಲಸದ ನಡುವೆ ಸಿಗುವ ಬಿಡುವಿನಲ್ಲಿ ಕೂರಲು ಎಲ್ಲ ಕೆಲಸಗಾರರಿಗೂ ಆಸನ ಇಡಬೇಕೆಂದು ವಿಧಿಸಿತು. ಅದೇ ವರ್ಷ ಬಿಬಿಸಿ ಜಗತ್ತಿನ ನೂರು ಮಂದಿ ಹೆಂಗಸರ ಪಟ್ಟಿಯಲ್ಲಿ ವಿಜಿಯವರ ಹೆಸರನ್ನೂ ಸೇರಿಸಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. 2025ರ ನವೆಂಬರ್ 21ರಂದು ದೇಶಕ್ಕೆಲ್ಲ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೊಂದು, ನಿಂತು ದುಡಿಯುವವರಿಗೆ ಆಸನದ ಮಾತನ್ನು ಆಡಿದೆ. ಆದರೆ ಅದು ಮುಖ್ಯವಾಗಿ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಜಾಗಗಳಿಗೆ. ಇಬ್ಬರೋ ಮೂವರೋ ಇರುವ ನಮ್ಮ ಬೀದಿಯ ಅಂಗಡಿಗಳು ಹೊರಗೇ ಉಳಿಯುತ್ತವೆ.

ಕುರ್ಚಿಯ ಮಾತು ಆಯಿತು. ಮುಖಕ್ಕೆ ಎಸೆದ ಸೀರೆಯ ಮಾತು? ಅಪ್ಪನ ಮುಖಕ್ಕೆ ಎಸೆದ ಖಾತೆಪುಸ್ತಕದ ಮಾತು?

ಇದಕ್ಕೆ ಉತ್ತರ ಹುಡುಕುವಾಗ ನಮ್ಮ ಶಾಲೆಯ ಹತ್ತಿರದ ಗೂಡಂಗಡಿ ನೆನಪಾಗುತ್ತದೆ. ಅಲ್ಲಿ ಕೂಲಿಗಿದ್ದ ವಿಧವೆ ಹೆಂಗಸಿಗೆ ನಾನೇ ಹೋಗಿ, 'ಅಕ್ಕಾ, ಹುಡುಗರಿಗೆ ಬೀಡಿ ಸಿಗರೇಟು ಕೊಡಬ್ಯಾಡಿ. ಕಾನೂನಿದೆ' ಎಂದು ಹೇಳಿ ಬಂದಿದ್ದೆ. ಕಾನೂನು ನಿಜವೇ. 2003ರ ತಂಬಾಕು ಕಾಯ್ದೆ ಹದಿನೆಂಟು ವರ್ಷದೊಳಗಿನವರಿಗೆ ಮಾರುವುದನ್ನೂ ಶಾಲೆಯ ನೂರು ಗಜದೊಳಗೆ ಮಾರುವುದನ್ನೂ ನಿಷೇಧಿಸಿತು. 2025ರಲ್ಲಿ ಕರ್ನಾಟಕದ ತಿದ್ದುಪಡಿ ಆ ವಯಸ್ಸನ್ನು 21ಕ್ಕೆ ಏರಿಸಿತು. ನೂರು ಗಜದಾಚೆ ಇದ್ದ ಆ ಅಂಗಡಿಯಲ್ಲಿ ಆಕೆ ನನ್ನ ಮಾತು ನಡೆಸಿದಳು. ಒಂದು ದಿನ ಹದಿನಾರರ ಹುಡುಗನೊಬ್ಬ ಸಿಗರೇಟು ಕೇಳಿ, ಆಕೆ ಇಲ್ಲವೆಂದಾಗ, ಮಿಠಾಯಿಯ ಗಾಜಿನ ಜಾಡಿ ಎತ್ತಿ ಒಡೆದ. ಚೂರು ಸಿಡಿದು ಆಕೆಯ ಮೊಣಕೈಗೆ ನಾಲ್ಕು ಹೊಲಿಗೆ ಬಿದ್ದವು. ಜಾಡಿಯ ದುಡ್ಡನ್ನು ಮಾಲೀಕ ಆಕೆಯ ಕೂಲಿಯಲ್ಲೇ ಕಳೆದ. ಕಾನೂನಿನ ಕಾವಲಿಗೆ ಆಕೆಯನ್ನು ನಿಲ್ಲಿಸಿದವಳು ನಾನು. ಆಕೆಗೆ ಕಾವಲು ಯಾರು? ಹೊಲಿಗೆ ಹಾಕಿಸಿದ ದುಡ್ಡನ್ನು ನಾನು ಕೊಟ್ಟೆ. ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಸ್ಕಾಟ್ಲೆಂಡಿನಲ್ಲಿ ಸರಿಯಾಗಿ ಇದೇ ಪ್ರಶ್ನೆ ಎದ್ದಿತು. ಬ್ರಿಟನ್ನಿನ ಅಂಗಡಿ ನೌಕರರ ಸಂಘ ವರ್ಷಗಟ್ಟಲೆ ಹೇಳುತ್ತಾ ಬಂದಿತ್ತು: ಹುಡುಗನ ವಯಸ್ಸು ಕೇಳಿ, ಹೆಂಡ ಕೊಡಬೇಡಿ, ಸಿಗರೇಟು ಕೊಡಬೇಡಿ ಎಂದು ಕಾನೂನು ನಮಗೆ ಹೇಳುತ್ತದೆ, ಕೇಳಿದ್ದಕ್ಕೆ ಹೊಡೆತ ಬೀಳುವುದು ನಮಗೆ. 2019ರಲ್ಲಿ ಡೇನಿಯಲ್ ಜಾನ್ಸನ್ ಎಂಬ ಶಾಸಕರು ಅಲ್ಲಿನ ಪಾರ್ಲಿಮೆಂಟಿನಲ್ಲಿ ಮಸೂದೆ ತಂದರು. ಅವರೂ ಅಂಗಡಿ ನಡೆಸಿದವರೇ. ಅಷ್ಟರಲ್ಲಿ 2020ರ ಕೊರೊನಾ ಬಂತು. 'ಮಾಸ್ಕ್ ಹಾಕಿಕೊಳ್ಳಿ' ಎಂದು ಗಿರಾಕಿಗೆ ಹೇಳುವ ಕೆಲಸವೂ ಅಂಗಡಿಯವರ ತಲೆಗೇ ಬಿತ್ತು, ಅಲ್ಲೂ ಇಲ್ಲೂ. 2021ರ ಜನವರಿಯಲ್ಲಿ ಮಸೂದೆ ಪಾಸಾಗಿ ಆಗಸ್ಟಿನಲ್ಲಿ ಜಾರಿಗೆ ಬಂತು. ಅಂಗಡಿ ಕೆಲಸಗಾರರನ್ನು ಹೊಡೆಯುವುದು, ಬೆದರಿಸುವುದು, ನಿಂದಿಸುವುದು ಅಲ್ಲಿ ಈಗ ಪ್ರತ್ಯೇಕ ಅಪರಾಧ. ವಯಸ್ಸು ಕೇಳಿದ ಕಾರಣಕ್ಕೇ ಹೀಗೆ ಮಾಡಿದರೆ ಅಪರಾಧದ ತೂಕ ಇನ್ನೂ ಹೆಚ್ಚು. ಹೊಡೆಯುವುದು ಮೊದಲೂ ಅಪರಾಧವೇ ಆಗಿತ್ತಲ್ಲ, ಹೊಸ ಕಾಯ್ದೆ ಯಾಕೆ ಎಂದು ಕೆಲವರು ಕೇಳಬಹುದು. ಕಾನೂನಿನ ಕೆಲಸವನ್ನು ಮಾಡಿಸಿಕೊಂಡ ಮೇಲೆ ಕಾನೂನು ಬೆನ್ನಿಗೆ ನಿಲ್ಲಬೇಕು ಎಂಬುದಕ್ಕಾಗಿ. ಜೊತೆಗೆ, ಇದು ನೌಕರಿಯ ಒಂದು ಭಾಗ ಎಂದು ಸಹಿಸಿಕೊಂಡು ಸುಮ್ಮನಿದ್ದವರು ದೂರು ಕೊಡಲು ಮುಂದೆ ಬರಲಿ ಎಂಬುದಕ್ಕಾಗಿ.

ನಮ್ಮಲ್ಲಿ ಇಂಥದ್ದು ಏನೂ ಇಲ್ಲವೆನ್ನುವಂತಿಲ್ಲ. 1997ರಲ್ಲಿ ಸುಪ್ರೀಂ ಕೋರ್ಟು ವಿಶಾಖಾ ಪ್ರಕರಣದಲ್ಲಿ ಮಾರ್ಗಸೂಚಿ ಕೊಟ್ಟಿತು. ಅದರಿಂದ 2013ರಲ್ಲಿ, ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆ ಹುಟ್ಟಿತು. ಅದರಲ್ಲಿ ಒಂದು ಸಾಲಿನ ಕಡೆಗೆ ಹೆಚ್ಚಿನವರ ಗಮನ ಹೋಗುವುದಿಲ್ಲ. ಕೆಲಸದ ಜಾಗದಲ್ಲಿ ಸಂಪರ್ಕಕ್ಕೆ ಬರುವ ಹೊರಗಿನವರಿಂದಲೂ ರಕ್ಷಣೆ ಕೊಡುವುದು ಮಾಲೀಕನ ಕರ್ತವ್ಯ ಎಂದು ಅದು ಹೇಳುತ್ತದೆ. ಅಂದರೆ, ಸೀರೆ ಇಸಿದುಕೊಳ್ಳುವ ನೆಪದಲ್ಲಿ ಕೈ ಹಿಡಿಯುವ ಗಿರಾಕಿಯೂ ಅದರೊಳಗೆ ಬಂದ. ಹತ್ತಕ್ಕಿಂತ ಕಡಿಮೆ ಮಂದಿ ಇರುವ ಅಂಗಡಿಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ನಮ್ಮೂರಿನ ನಾಲ್ಕು ಅಂಗಡಿಗಳ ಹುಡುಗಿಯರನ್ನು ಈ ಸಮಿತಿಯ ಬಗ್ಗೆ ಕೇಳಿದೆ. ನಾಲ್ಕು ಕಡೆಯೂ, 'ಹಂಗಂದ್ರೇನು ಮೇಡಂ?' ಎಂಬ ಒಂದೇ ಉತ್ತರ.

ಈಗ ನನ್ನ ತರಗತಿಯಲ್ಲಿ ಕಾರ್ಮಿಕರ ಪಾಠ ಬಂದಾಗ ಗಿರಣಿಯ ಸಂಗತಿಗಳ ಜೊತೆಗೆ ಅಂಗಡಿಯನ್ನೂ ಸೇರಿಸುತ್ತೇನೆ. 1899 ಎಂದು ಬರೆದು 2018 ಎಂದು ಬರೆಯುತ್ತೇನೆ. ನಡುವೆ ಎಷ್ಟು ವರ್ಷ ಲೆಕ್ಕ ಹಾಕಿ ಎನ್ನುತ್ತೇನೆ. ಮಕ್ಕಳು ನೂರಾ ಹತ್ತೊಂಬತ್ತು ಎಂದು ಕೂಗುತ್ತಾರೆ. ಅವರಲ್ಲಿ ಎಷ್ಟು ಹುಡುಗಿಯರು ಐದಾರು ವರ್ಷಕ್ಕೆ ಕೌಂಟರಿನ ಹಿಂದೆ ನಿಲ್ಲುತ್ತಾರೆ ಎಂಬುದು ನನಗೆ ಗೊತ್ತು. ಜಿಲ್ಲೆಯ ಸಮಿತಿಗೆ ಹೇಗೆ ದೂರು ಬರೆಯಬೇಕು ಎಂಬುದನ್ನು ಪತ್ರಲೇಖನದ ಅಭ್ಯಾಸ ಎಂದು ಅವರಿಂದ ಬರೆಸುತ್ತೇನೆ. ಪರೀಕ್ಷೆಗೆ ಬರುತ್ತಾ ಟೀಚರ್ ಎಂದು ಕೇಳುತ್ತಾರೆ. ಬರಬಹುದು ಎನ್ನುತ್ತೇನೆ.

ಆ ಮದುವೆಯ ಗಡಿಬಿಡಿ ಮುಗಿದ ಹದಿನೈದು ದಿನಕ್ಕೆ ನಾನು ಮತ್ತೆ ಆ ಅಂಗಡಿಗೆ ಹೋದೆ. ಕೊಳ್ಳುವುದೇನೂ ಇರಲಿಲ್ಲ. ಬೆಳಗಿನ ಹೊತ್ತು, ಗಿರಾಕಿಗಳಿರಲಿಲ್ಲ. ಅವಳು ಅದೇ ಜಾಗದಲ್ಲಿ ನಿಂತಿದ್ದಳು. 'ನನ್ನಿಂದ ತಪ್ಪಾಯ್ತು ಕಣಮ್ಮ' ಎಂದೆ. ಮಕ್ಕಳಿಗೆ ಮೂವತ್ತು ವರ್ಷದಿಂದ ತಪ್ಪು ಒಪ್ಪಿಕೊಳ್ಳಿ ಎಂದು ಹೇಳುತ್ತಾ ಬಂದವಳಿಗೆ ಆ ನಾಲ್ಕು ಮಾತು ಹೊರಡಿಸುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. 'ಅಯ್ಯೋ ಬಿಡಿ ಟೀಚರ್, ನೀವು ಬೈದ್ರೆ ಏನಂತೆ' ಎಂದಳು. ಬೈಯುವ ಹಕ್ಕು ನನಗಿದೆ ಎಂದು ಅವಳೂ ನಂಬಿದ್ದಳು. ನಾನೇ ಕಲಿಸಿದ ಪಾಠವಿರಬೇಕು. ಗಿರಾಕಿಗಳ ಸ್ಟೂಲೊಂದನ್ನು ಎಳೆದು ಕೂತೆ. ಇನ್ನೊಂದನ್ನು ಅವಳ ಕಡೆಗೆ ನೂಕಿ, 'ಬಾ, ನೀನೂ ಕೂತ್ಕೋ. ಮಾತಾಡೋಣ' ಎಂದೆ.

ಅವಳು ಸ್ಟೂಲನ್ನು ನೋಡಿದಳು. ಮೇಲಿನ ಕ್ಯಾಮೆರಾವನ್ನು ನೋಡಿದಳು. 'ಪರವಾಗಿಲ್ಲ ಟೀಚರ್, ಅಭ್ಯಾಸ ಆಗೈತೆ' ಎಂದಳು. ಕೂರಲಿಲ್ಲ. ನಾನೇ ಎದ್ದು ನಿಂತೆ.